ಲಾಟ್ ಚೀಟಿಯಲ್ಲಿ ಗೀಚು ನಡೆಯದು

ಕದರಮಂಡಲಗಿ ನನ್ನೂರು. ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಮೆಣಸಿನಕಾಯಿ ಚೀಲ ಅಂಗಡಿ ಮುಂದೆ ಇಳಿಯುತ್ತದೆ, ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಕಾಯಿ ಮುರಿದು ನೋಡಿ ಟೆಂಡರ್ ಹಾಕುತ್ತಾರೆ, ಹೆಚ್ಚಿನ ದರ ಬರೆದವರಿಗೆ ಮಾಲು ತೂಗಿ ರೈತನ ಕೈಗೆ ಲೆಕ್ಕದ ಪಟ್ಟಿ ಕೊಡುತ್ತಾರೆ. ನನ್ನ ಪ್ರೋಗ್ರಾಮೂ ಇದೇ ದಾರಿಯಲ್ಲಿ ನಡೆಯುತ್ತದೆ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಚೀಲ ಬರುವ ಪೇಟೆ ಇದು. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಾಡಿಗೆಲ್ಲ ಗೊತ್ತು. ಆ ದಿನದ ಕಾರಣಗಳನ್ನು ಚರ್ಚಿಸುವುದು ನನ್ನ ಕೆಲಸವಲ್ಲ. ಆದರೆ ಇಲ್ಲಿ ಒಂದು ಅಂಕಿಯ ಮೇಲೆ ಎಷ್ಟು ಜನರ ಕಣ್ಣಿರುತ್ತದೆ ಎಂಬುದನ್ನು ಪ್ರೋಗ್ರಾಮರ್ ಆದವನು ಮರೆಯುವಂತಿಲ್ಲ.

ಅದಕ್ಕೇ ಲಾಟಿನ ದಾಖಲೆಯಲ್ಲಿ ಒಮ್ಮೆ ಬರೆದದ್ದು ಬದಲಾಗಕೂಡದು. ಇದಕ್ಕೆ ಜಾವಾದಲ್ಲಿ ಫೈನಲ್ ಇದೆ, ಸಿ ಶಾರ್ಪ್‌ನಲ್ಲಿ ರೀಡ್‌ಓನ್ಲಿ, ಕೋಟ್ಲಿನ್‌ನಲ್ಲಿ ವ್ಯಾಲ್, ಸ್ವಿಫ್ಟ್‌ನಲ್ಲಿ ಲೆಟ್, ಸಿ ಪ್ಲಸ್ ಪ್ಲಸ್‌ನಲ್ಲಿ ಕಾನ್ಸ್ಟ್. ಆ ಪದ ಬರೆಯುವುದು ಸುಲಭ. ಫೀಲ್ಡಿನ ಮೌಲ್ಯ ಯಾವುದೋ ಷರತ್ತಿನ ಮೇಲೆ ನಿಂತಾಗ ತೊಡಕು ಶುರುವಾಗುತ್ತದೆ. ತಳಿ ಡಬ್ಬಿಯಾದರೆ ಹೀಗೆ, ಕಡ್ಡಿಯಾದರೆ ಹಾಗೆ. ಮಾಲು ಹೊಲದಿಂದ ಬಂದರೆ ಒಂದು, ಕೋಲ್ಡ್ ಸ್ಟೋರೇಜ್‌ನಿಂದ ಬಂದರೆ ಇನ್ನೊಂದು. ಬದಲಾಗದ ಫೀಲ್ಡನ್ನು ಷರತ್ತಿನ ಮೇಲೆ ತುಂಬುವುದು ಹೇಗೆ ಎಂದು ಹೊಸ ಹುಡುಗರು ಕೇಳಿದಾಗ ನಾನು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

1. ಕಂಪೈಲರ್ ಕೇಳುವುದೇನು ಎಂದು ಮೊದಲು ತಿಳಿದುಕೊಳ್ಳಿ

ಘೋಷಣೆಯ ಸಾಲಿನಲ್ಲಿ ಮೌಲ್ಯ ಕೊಡದೆ ಫೈನಲ್ ಫೀಲ್ಡನ್ನು ಖಾಲಿ ಬಿಟ್ಟು, ಕನ್‌ಸ್ಟ್ರಕ್ಟರಿನಲ್ಲಿ ತುಂಬುವ ಅನುಕೂಲ ಜಾವಾದಲ್ಲಿ 1997ರ 1.1 ಆವೃತ್ತಿಯಿಂದ ಇದೆ, ಆದರೆ ಅದಕ್ಕೊಂದು ಕಟ್ಟಳೆಯಿದೆ. ನಮ್ಮೂರ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರೂ ಹನುಮಪ್ಪಂದಿರ ದರ್ಶನ ಒಂದೇ ದಿನ ಮುಗಿಸಿದರೆ ಕಾಶಿಗೆ ಹೋಗಿಬಂದ ಫಲ ಎಂಬ ನಂಬಿಕೆ ಈ ಸೀಮೆಯಲ್ಲಿದೆ. ಯಾವ ದಾರಿ ಹಿಡಿದರೂ ಸರಿ, ಹೊತ್ತು ಮುಳುಗುವುದರೊಳಗೆ ಒಂದೂ ತಪ್ಪಬಾರದು. ಕಂಪೈಲರಿನ ಹಠವೂ ಅಂಥದ್ದೇ: ಕನ್‌ಸ್ಟ್ರಕ್ಟರ್ ಯಾವ ಕವಲು ಹಿಡಿದರೂ ಮುಗಿಯುವ ಹೊತ್ತಿಗೆ ಪ್ರತಿ ಫೈನಲ್ ಫೀಲ್ಡೂ ತುಂಬಿರಬೇಕು. ಅದರ ಮೇಲೆ ಇನ್ನೊಂದು ಬಿಗಿ ಇದೆ, ಒಂದೇ ಫೀಲ್ಡಿಗೆ ಎರಡು ಸಲ ಬರೆಯುವಂತಿಲ್ಲ.

ಇದನ್ನು ಪರೀಕ್ಷಿಸುವಾಗ ಕಂಪೈಲರ್ ನಿಮ್ಮ ಷರತ್ತಿನ ಅರ್ಥ ನೋಡುವುದಿಲ್ಲ, ಸಾಲುಗಳ ರಚನೆಯನ್ನಷ್ಟೇ ನೋಡುತ್ತದೆ. ‘ಡಬ್ಬಿಯಾದರೆ’ ಎಂದು ಒಂದು ಇಫ್, ಅದರ ಕೆಳಗೆ ‘ಡಬ್ಬಿಯಲ್ಲದಿದ್ದರೆ’ ಎಂದು ಇನ್ನೊಂದು ಇಫ್ ಬರೆದರೆ ಎರಡರಲ್ಲಿ ಒಂದು ನಡೆದೇ ನಡೆಯುತ್ತದೆ ಎಂದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಎರಡನೆಯದನ್ನು ಎಲ್ಸ್ ಮಾಡಿದರೆ ಸುಮ್ಮನಾಗುತ್ತದೆ. ಕಂಪೈಲರ್ ದಡ್ಡ ಎಂದು ಬೈಯುವ ಮೊದಲು ಒಂದು ಮಾತು ಯೋಚಿಸಿ: ಮುಂದೆ ಯಾರೋ ಮೊದಲನೇ ಇಫ್‌ಗೆ ಇನ್ನೊಂದು ಷರತ್ತು ಸೇರಿಸಿ ಎರಡನೆಯದನ್ನು ಮುಟ್ಟದೆ ಹೋದರೆ ನಡುವೆ ಬೀಳುವ ಸಂದಿಯನ್ನು ಅದು ಈಗಲೇ ಮುಚ್ಚಿಸುತ್ತಿದೆ.

2. ಮೊದಲೊಂದು ಮೌಲ್ಯ ಕೊಟ್ಟಿಟ್ಟು ಆಮೇಲೆ ತಿದ್ದುವ ಚಟ ಬಿಡಿ

ಸಾಮಾನ್ಯ ವೇರಿಯಬಲ್‌ಗೆ ರೂಢಿಯಾದ ಕೈ ಹೀಗೇ ಬರೆಯುತ್ತದೆ: ತಳಿ ಎಂದರೆ ಕಡ್ಡಿ ಎಂದು ಮೊದಲೇ ಹಾಕಿಟ್ಟು, ಡಬ್ಬಿ ಬಂದರೆ ಬದಲಿಸುವುದು. ಫೈನಲ್ ಇದಕ್ಕೆ ಬಗ್ಗುವುದಿಲ್ಲ. ಆಗ ಹಲವರು ಮಾಡುವ ಕೆಲಸವೆಂದರೆ ಫೈನಲ್ ಅನ್ನೇ ಕಿತ್ತುಹಾಕುವುದು. ಇದರಷ್ಟು ಕೆಟ್ಟ ಪರಿಹಾರ ಇನ್ನೊಂದಿಲ್ಲ. ಒಂದು ಸಾಲಿನ ಅನುಕೂಲಕ್ಕೆ ಕ್ಲಾಸಿನ ಇಡೀ ಆಯುಷ್ಯದ ಭದ್ರತೆ ಹೋಯಿತು.

ಎರಡೇ ಆಯ್ಕೆಗಳಿದ್ದರೆ ಪ್ರಶ್ನೆ ಚಿಹ್ನೆಯ ಟರ್ನರಿ ಸಾಕು. ಕೋಟ್ಲಿನ್‌ನಲ್ಲಿ ಇಫ್ ತಾನೇ ಒಂದು ಮೌಲ್ಯ ಕೊಡುವುದರಿಂದ ಟರ್ನರಿಯ ಅಗತ್ಯವೇ ಇಲ್ಲ. ತಳಿಗಳು ಮೂರು ನಾಲ್ಕಾದರೆ ಜಾವಾದ ಸ್ವಿಚ್ ಎಕ್ಸ್‌ಪ್ರೆಶನ್ ಹಿಡಿಯಿರಿ. 2020ರ ಜಾವಾ 14ರಲ್ಲಿ ಅದು ಖಾಯಂ ಆಯಿತು. ತಳಿಯನ್ನು ಎನಮ್ ಮಾಡಿಟ್ಟು ಡೀಫಾಲ್ಟ್ ಬರೆಯದೆ ಬಿಟ್ಟರೆ ಇದರ ರುಚಿ ಗೊತ್ತಾಗುತ್ತದೆ. ನಾಳೆ ಗುಂಟೂರು ಎಂಬ ಹೊಸ ತಳಿ ಸೇರಿಸಿದ ಕೂಡಲೆ, ಅದನ್ನು ಗಮನಿಸದ ಪ್ರತಿ ಸ್ವಿಚ್ ಎಕ್ಸ್‌ಪ್ರೆಶನ್ ಕಂಪೈಲ್ ಆಗದೆ ನಿಲ್ಲುತ್ತದೆ. ಡೀಫಾಲ್ಟ್ ಬರೆದಿಟ್ಟಿದ್ದರೆ ಗುಂಟೂರು ಕಾಯಿ ಸದ್ದಿಲ್ಲದೆ ಕಡ್ಡಿಯ ಲೆಕ್ಕಕ್ಕೆ ಸೇರಿ ಹೋಗುತ್ತಿತ್ತು. ಭೌಗೋಳಿಕ ಸೂಚಿಯ ಮಾನ್ಯತೆ 2011ರಲ್ಲಿ ಸಿಕ್ಕಿದ್ದು ಬ್ಯಾಡಗಿ ಮೆಣಸಿನಕಾಯಿಗೆ. ಆ ಹೆಸರಿನಡಿ ಬೇರೆ ತಳಿ ನುಸುಳುವುದು ಪ್ರೋಗ್ರಾಮಿನಲ್ಲೂ ಸಣ್ಣ ತಪ್ಪಲ್ಲ.

3. ಲೆಕ್ಕಾಚಾರ ಮೂರು ಸಾಲು ದಾಟಿದರೆ ಕನ್‌ಸ್ಟ್ರಕ್ಟರಿನಿಂದ ಹೊರಗೆ ತನ್ನಿ

ಪ್ರೈವೇಟ್ ಸ್ಟ್ಯಾಟಿಕ್ ಮೆಥಡ್ ಒಂದನ್ನು ಬರೆದು, ಷರತ್ತುಗಳನ್ನೆಲ್ಲ ಅದರೊಳಗೆ ಹಾಕಿ. ಕನ್‌ಸ್ಟ್ರಕ್ಟರಿನಲ್ಲಿ ಉಳಿಯುವುದು ಒಂದೇ ಸಾಲು. ಸ್ಟ್ಯಾಟಿಕ್ ಎಂದು ಒತ್ತಿ ಹೇಳುತ್ತಿದ್ದೇನೆ, ಅರ್ಧ ಕಟ್ಟಿದ ಆಬ್ಜೆಕ್ಟಿನ ಬೇರೆ ಫೀಲ್ಡುಗಳನ್ನು ಅದು ಮುಟ್ಟಲಾರದು.

ತೂಕದ ಯಂತ್ರದಿಂದ ಅಂಕಿ ಓದುವಾಗ ಇದು ಬೇಕೇ ಬೇಕು. ಟ್ರೈ ಒಳಗೆ ಫೀಲ್ಡಿಗೆ ಬರೆದು, ಓದಲು ಆಗದಿದ್ದರೆ ಕ್ಯಾಚ್ ಒಳಗೆ ಬೇರೊಂದು ಬರೆಯುತ್ತೇನೆಂದರೆ ‘ಆಗಲೇ ಬರೆದಿರಬಹುದು’ ಎಂದು ಜಾವಾ ತಡೆಯುತ್ತದೆ. ನ್ಯಾಯವೇ, ಬರೆದಾದ ಮೇಲೂ ಟ್ರೈ ಒಳಗೆ ಎಡವಬಹುದಲ್ಲ. ಮೆಥಡಿನೊಳಗಿಂದ ಎರಡು ಕಡೆ ರಿಟರ್ನ್ ಮಾಡಿದರೆ ಈ ಗೋಜಲೇ ಇಲ್ಲ.

4. ಸೊನ್ನೆ ಉತ್ತರವಲ್ಲ

ಈ ಪಾಠಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಪೇಟೆಯಲ್ಲಿ ಹೆಚ್ಚು ಜಗಳ ಇದರಿಂದಲೇ.

ಬ್ಯಾಡಗಿ ಕಾಯಿಯ ಹೆಸರು ನಿಂತಿರುವುದು ಬಣ್ಣದ ಮೇಲೆ, ಖಾರದ ಮೇಲಲ್ಲ. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ತಿಂಡಿ ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಬಣ್ಣ ಅಳೆಯಲು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಅಸ್ಟಾ ಎಂಬ ಮಾಪನ ಇದೆ. ಆದರೆ ಬಂದ ಲಾಟುಗಳನ್ನೆಲ್ಲ ಲ್ಯಾಬಿಗೆ ಕಳಿಸುವವರಿಲ್ಲ. ಹೆಚ್ಚಿನವನ್ನು ಖರೀದಿದಾರರ ಕಣ್ಣೇ ಅಳೆಯುತ್ತದೆ, ಕೆಲವಕ್ಕೆ ಮಾತ್ರ ಸ್ಯಾಂಪಲ್ ಹೋಗುತ್ತದೆ. ಹೀಗಾಗಿ ‘ಬಣ್ಣ’ ಎಂಬ ಫೀಲ್ಡು ಕೆಲವು ಲಾಟುಗಳಿಗೆ ಇದೆ, ಹಲವಕ್ಕೆ ಇಲ್ಲ.

ಎಲ್ಸ್ ಕವಲಿನಲ್ಲಿ ಏನಾದರೂ ಬರೆಯಲೇಬೇಕು ಎಂದು ಕಂಪೈಲರ್ ಹಿಡಿದು ಕೂತಾಗ ಕೈ ತಾನಾಗಿ ಸೊನ್ನೆ ಒತ್ತುತ್ತದೆ. ಕಂಪೈಲರಿಗೆ ಸಮಾಧಾನವಾಯಿತು, ಪ್ರೋಗ್ರಾಮ್ ಓಡಿತು. ಒಂದು ಅಂಗಡಿಯಲ್ಲಿ ಬೇರೆಯವರು ಹಾಕಿದ್ದ ಹಳೆಯ ಪ್ರೋಗ್ರಾಮಿನ ವರದಿ ತೆಗೆದಾಗ ಸೀಸನ್ನಿನ ಸರಾಸರಿ ಬಣ್ಣ ಪಾತಾಳಕ್ಕೆ ಇಳಿದಿತ್ತು. ಪರೀಕ್ಷೆಯೇ ಆಗದ ಲಾಟುಗಳ ಸೊನ್ನೆಗಳೆಲ್ಲ ಸರಾಸರಿಯಲ್ಲಿ ಕೂಡಿಕೊಂಡಿದ್ದವು. ಅಲ್ಲಿನ ಗುಮಾಸ್ತರು ಕೇಳಿದ್ದು ಒಂದೇ ಮಾತು: “ಸರ, ಇಲ್ಲಿ ಸೊನ್ನಿ ಅಂದ್ರ ಪರೀಕ್ಷಾ ಮಾಡಿಲ್ಲಂತನೋ, ಕಾಯಾಗ ಬಣ್ಣನ ಇಲ್ಲಂತನೋ?” ಪ್ರೋಗ್ರಾಮರ್ ಮಾಡಬೇಕಾದ ವಿಂಗಡಣೆಯನ್ನು ಅವರು ನಿಂತಲ್ಲೇ ಮಾಡಿಬಿಟ್ಟರು.

‘ಇಲ್ಲ’ ಎಂಬುದರಲ್ಲಿ ಮೂರು ಬಗೆಗಳಿವೆ. ಸ್ಯಾಂಪಲ್ ಕಳಿಸಿಲ್ಲ, ಇದು ಒಂದು. ಕಳಿಸಿದ್ದೇವೆ, ಫಲಿತಾಂಶ ಬಂದಿಲ್ಲ, ಇದು ಎರಡು. ಈ ಮಾಲಿಗೆ ಬಣ್ಣದ ಪರೀಕ್ಷೆಯೇ ಸಲ್ಲದು, ಇದು ಮೂರು. ಸೊನ್ನೆಯಾಗಲಿ ನಲ್ ಆಗಲಿ ಈ ಮೂರನ್ನೂ ಒಂದೇ ಡಬ್ಬಿಗೆ ತುಂಬುತ್ತದೆ. ಕೋಟ್ಲಿನ್‌ನಲ್ಲಿ ಟೈಪಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದರೆ ಓದುವವನು ‘ಇಲ್ಲದಿದ್ದರೆ ಏನು’ ಎಂದು ಕೇಳಿಕೊಳ್ಳಲೇಬೇಕು, ಇದು ಕನಿಷ್ಠ ಭದ್ರತೆ. ಜಾವಾದ ಆಪ್ಷನಲ್ ಅನ್ನು ಅದರ ವಿನ್ಯಾಸಕಾರರು ಮೆಥಡ್ ಹಿಂತಿರುಗಿಸುವ ಮೌಲ್ಯಕ್ಕೆಂದು ರೂಪಿಸಿದರು, ಫೀಲ್ಡಿಗೆಂದಲ್ಲ. ಅದು ಸೀರಿಯಲೈಸ್ ಕೂಡ ಆಗುವುದಿಲ್ಲ. ಫೀಲ್ಡಿನಲ್ಲಿ ನಲ್ ಇಟ್ಟು, ಓದುವ ಮೆಥಡಿನಿಂದ ಆಪ್ಷನಲ್ ಕೊಡುವುದು ಹಲವರ ರೂಢಿ, ನನ್ನದೂ ಅದೇ. ಮೂರು ಬಗೆಯ ‘ಇಲ್ಲ’ಗಳೂ ವ್ಯವಹಾರದಲ್ಲಿ ಬೇರೆ ಬೇರೆ ಪರಿಣಾಮ ಕೊಡುವುದಾದರೆ ಮಾತ್ರ ಅವಕ್ಕೆ ಬೇರೆ ಬೇರೆ ಟೈಪ್ ಮಾಡುತ್ತೇನೆ.

5. ಒಂದೇ ಷರತ್ತು ಮೂರು ಫೀಲ್ಡುಗಳಲ್ಲಿ ಕಂಡರೆ ಅಲ್ಲಿರುವುದು ಎರಡು ಕ್ಲಾಸು

ಹೊಲದಿಂದ ನೇರ ಬಂದ ಮಾಲಿಗೆ ರೈತನ ಊರು ಇರುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ಹೊರತೆಗೆದ ಮಾಲಿಗೆ ಅದರ ರಸೀದಿ ನಂಬರ್, ಇಟ್ಟ ತಾರೀಖು, ಬಾಡಿಗೆ ಬಾಕಿ ಇರುತ್ತವೆ. ಎಲ್ಲವನ್ನೂ ಒಂದೇ ಲಾಟ್ ಕ್ಲಾಸಿಗೆ ತುರುಕಿದರೆ ಕನ್‌ಸ್ಟ್ರಕ್ಟರಿನಲ್ಲಿ ‘ಕೋಲ್ಡ್ ಸ್ಟೋರೇಜ್ ಆದರೆ’ ಎಂಬ ಷರತ್ತು ಮತ್ತೆ ಮತ್ತೆ ಬರುತ್ತದೆ, ಎದುರು ಕವಲಿನಲ್ಲಿ ನಲ್‌ಗಳ ಸಾಲು. ಓದುವ ಕಡೆಯೂ ಅದೇ ಇಫ್ ಮರುಕಳಿಸುತ್ತದೆ.

2021ರ ಸೆಪ್ಟೆಂಬರಿನ ಜಾವಾ 17ರಲ್ಲಿ ಸೀಲ್ಡ್ ಇಂಟರ್‌ಫೇಸ್ ಖಾಯಂ ಆಯಿತು. ‘ಮೂಲ’ ಎಂಬ ಸೀಲ್ಡ್ ಇಂಟರ್‌ಫೇಸ್ ಮಾಡಿ, ಅದರಡಿ ಹೊಲದ ಮೂಲ, ಗೋದಾಮಿನ ಮೂಲ ಎಂದು ಎರಡು ರೆಕಾರ್ಡ್ ಇಡಿ. ಲಾಟಿನಲ್ಲಿ ‘ಮೂಲ’ ಒಂದೇ ಫೀಲ್ಡು, ಅದು ಯಾವತ್ತೂ ಖಾಲಿ ಇರುವುದಿಲ್ಲ. ಕನ್‌ಸ್ಟ್ರಕ್ಟರಿನೊಳಗಿನ ಷರತ್ತು ಮಾಯ. ನಿರ್ಧಾರ ಹೊರಗಿನ ಸ್ಟ್ಯಾಟಿಕ್ ಫ್ಯಾಕ್ಟರಿ ಮೆಥಡಿನಲ್ಲಿ ಆಗುತ್ತದೆ: ‘ಹೊಲದಿಂದ’ ಎಂದೊಂದು, ‘ಗೋದಾಮಿನಿಂದ’ ಎಂದೊಂದು. ಜೋಶುವಾ ಬ್ಲಾಕ್ 2001ರಲ್ಲಿ ಎಫೆಕ್ಟಿವ್ ಜಾವಾ ಬರೆದಾಗ ಮೊತ್ತಮೊದಲ ಸಲಹೆಯಾಗಿ ಇಟ್ಟದ್ದೂ ಸ್ಟ್ಯಾಟಿಕ್ ಫ್ಯಾಕ್ಟರಿಯನ್ನೇ. ಕನ್‌ಸ್ಟ್ರಕ್ಟರಿಗೆ ಕ್ಲಾಸಿನ ಹೆಸರೊಂದೇ ಗತಿ; ಫ್ಯಾಕ್ಟರಿಗೆ ಪೇಟೆಯವರು ಆಡುವ ಮಾತನ್ನೇ ಹೆಸರಾಗಿ ಇಡಬಹುದು.

ಷರತ್ತು ಸಣ್ಣದಾಗಿದ್ದರೆ, ಉದಾಹರಣೆಗೆ ಊರಿನ ಹೆಸರಿನ ಅಕ್ಕಪಕ್ಕದ ಖಾಲಿ ಜಾಗ ತೆಗೆಯುವುದು ಇತ್ಯಾದಿ, ರೆಕಾರ್ಡಿನ ಕಿರು ಕನ್‌ಸ್ಟ್ರಕ್ಟರ್ ಸಾಕು. ಅಲ್ಲಿ ಬಂದ ಪ್ಯಾರಾಮೀಟರನ್ನೇ ತಿದ್ದಬೇಕು. ಫೀಲ್ಡಿಗೆ ನೀವು ಬರೆಯುವಂತಿಲ್ಲ, ಕೊನೆಯಲ್ಲಿ ಭಾಷೆಯೇ ಬರೆದುಕೊಳ್ಳುತ್ತದೆ.

6. ‘ಷರತ್ತಿನ ಮೇಲೆ’ ಬೇರೆ, ‘ಆಮೇಲೆ’ ಬೇರೆ

ಬದಲಾಗದ ಫೀಲ್ಡನ್ನು ಷರತ್ತಿನ ಮೇಲೆ ತುಂಬುವುದು ಹೇಗೆಂದು ಕೇಳುವವರಲ್ಲಿ ಬಹಳ ಜನ ನಿಜಕ್ಕೂ ಕೇಳುತ್ತಿರುವುದು, ಈಗ ಗೊತ್ತಿಲ್ಲದ್ದನ್ನು ನಾಳೆ ಹೇಗೆ ತುಂಬಲಿ ಎಂದು. ಇದು ಬೇರೆಯೇ ಪ್ರಶ್ನೆ.

ಬೆಳಿಗ್ಗೆ ಲಾಟ್ ಹುಟ್ಟುವಾಗ ಟೆಂಡರ್ ದರ ಗೊತ್ತಿರುವುದಿಲ್ಲ. ಮಧ್ಯಾಹ್ನ ಗೊತ್ತಾಗುತ್ತದೆ, ಗೊತ್ತಾದರೂ ಆ ದರ ರೈತನಿಗೆ ಒಪ್ಪಿಗೆಯಾಗದೆ ಮಾಲು ಗೋದಾಮಿಗೆ ಹೋಗಬಹುದು, ಇನ್ನೊಂದು ದಿನ ಬೇರೆ ಟೆಂಡರಿಗೆ ಬರಬಹುದು. ದರವನ್ನು ಲಾಟಿನೊಳಗೇ ಇಡಬೇಕೆಂಬ ಹಠ ಹಿಡಿದರೆ ಫೈನಲ್ ಬಿಡಬೇಕಾಗುತ್ತದೆ, ಅಥವಾ ‘ಒಂದೇ ಸಲ ಬರೆಯಬಹುದು’ ಎಂಬ ಕಾವಲು ಇಫ್ ಇಟ್ಟ ಸೆಟ್ಟರ್ ಬರೆಯಬೇಕಾಗುತ್ತದೆ, ಕೋಟ್ಲಿನ್‌ನವರು ಲೇಟ್‌ಇನಿಟ್‌ಗೆ ಕೈ ಹಾಕುತ್ತಾರೆ. ಮೂರೂ ಒಂದೇ ಊರಿಗೆ ಹೋಗುವ ದಾರಿಗಳು, ಆ ಊರಿಗೆ ಹೋಗುವುದೇ ಬೇಡ.

ಲಾಟ್ ಒಂದು ಆಬ್ಜೆಕ್ಟು. ಟೆಂಡರ್ ಫಲಿತಾಂಶ ಇನ್ನೊಂದು, ತೂಕ ಮತ್ತೊಂದು, ಪಟ್ಟಿ ಮಗದೊಂದು. ಪ್ರತಿಯೊಂದೂ ತನ್ನ ಮಾಹಿತಿ ಪೂರ್ತಿ ಕೈಗೆ ಬಂದ ಮೇಲೆಯೇ ಹುಟ್ಟುತ್ತದೆ, ಹುಟ್ಟುವಾಗಲೇ ಪೂರ್ತಿ ತುಂಬಿರುತ್ತದೆ. ಅವನ್ನು ಕಟ್ಟುವ ದಾರ ಲಾಟ್ ನಂಬರ್. ದರ ಬಂದಿಲ್ಲ ಎಂಬುದನ್ನು ಯಾವ ಖಾಲಿ ಫೀಲ್ಡೂ ಹೇಳಬೇಕಿಲ್ಲ. ಫಲಿತಾಂಶದ ಆಬ್ಜೆಕ್ಟ್ ಇಲ್ಲ ಎಂದರೆ ಟೆಂಡರ್ ಆಗಿಲ್ಲ. ಒಂದೇ ಲಾಟಿಗೆ ಎರಡು ಫಲಿತಾಂಶಗಳಿದ್ದರೆ ಎರಡು ಸಲ ಟೆಂಡರಿಗೆ ನಿಂತಿತ್ತು ಎಂದು ಅರ್ಥ, ಹಳೆಯ ದರ ಅಳಿಸಿಹೋಗಿಲ್ಲ.

ತಪ್ಪು ಟೈಪ್ ಆದರೆ? ಆಗಿಯೇ ಆಗುತ್ತದೆ, ಸಂಜೆ ಹೊತ್ತಿಗೆ ಅಂಗಡಿಯ ಹುಡುಗರು ಸುಸ್ತಾಗಿರುತ್ತಾರೆ. ಹಳೆಯ ದಾಖಲೆ ಹಾಗೇ ಇರಲಿ, ಅದನ್ನು ರದ್ದು ಮಾಡುವ ದಾಖಲೆ ಒಂದು, ಸರಿಯಾದದ್ದು ಒಂದು ಹೊಸದಾಗಿ ಹುಟ್ಟಲಿ. ಕೆಂಪು ಬಟ್ಟೆಯ ರೋಜು ಪುಸ್ತಕ ಬರೆದು ಪಳಗಿದ ಹಿರಿಯ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗುವುದಿಲ್ಲ, ಲೆಕ್ಕ ಗೀಚಬಾರದು ಎಂದು ಅವರಿಗೆ ಮೊದಲೇ ಗೊತ್ತು. ಕಂಪ್ಯೂಟರ್ ಸೈನ್ಸ್ ಓದಿದವರಿಗೇ ಸಮಯ ಹಿಡಿಯುತ್ತದೆ.

7. ಕನ್‌ಸ್ಟ್ರಕ್ಟರ್ ಗಡಿಯಾರ ನೋಡಬಾರದು

ಪಟ್ಟಿಯಲ್ಲಿ ಎಪಿಎಂಸಿ ಸೆಸ್ ದರ ಬೇಕು. ಅದು ಸರ್ಕಾರದ ಆದೇಶದಂತೆ ಬದಲಾಗುತ್ತದೆ. 2020ರಲ್ಲಿ ರಾಜ್ಯ ಸರ್ಕಾರ ಇಳಿಸಿದ್ದು ನೆನಪಿರಬಹುದು. ‘ಇಂದು ಆದೇಶದ ತಾರೀಖು ದಾಟಿದ್ದರೆ ಹೊಸ ದರ’ ಎಂಬ ಷರತ್ತನ್ನು ಕನ್‌ಸ್ಟ್ರಕ್ಟರಿನಲ್ಲಿಟ್ಟು, ಇಂದು ಎಂಬುದನ್ನು ಕಂಪ್ಯೂಟರಿನ ಗಡಿಯಾರದಿಂದ ತೆಗೆದುಕೊಂಡರೆ, ಹಳೆಯ ಪಟ್ಟಿಯನ್ನು ಡೇಟಾಬೇಸಿನಿಂದ ಮತ್ತೆ ಕಟ್ಟಿಕೊಂಡಾಗ ಅದಕ್ಕೆ ಹೊಸ ದರ ಬೀಳುತ್ತದೆ. ಫೀಲ್ಡು ಫೈನಲ್, ಆದರೂ ಮೌಲ್ಯ ಬದಲಾಯಿತು! ತಾರೀಖನ್ನೂ ದರವನ್ನೂ ಹೊರಗಿನಿಂದ ಕೊಡಿ. ಪರೀಕ್ಷೆ ಬರೆಯುವುದೂ ಆಗ ಸಲೀಸು.

8. ಸೂಪರ್ ಕ್ಲಾಸಿನ ಕನ್‌ಸ್ಟ್ರಕ್ಟರಿಂದ ಮಗನ ಮೆಥಡ್ ಕರೆಯಬೇಡಿ

ತಾಯಿ ಕ್ಲಾಸಿನ ಕನ್‌ಸ್ಟ್ರಕ್ಟರ್ ‘ಲೇಬಲ್ ತಯಾರಿಸು’ ಎಂಬ ಮೆಥಡ್ ಕರೆಯುತ್ತದೆ, ಮಗ ಕ್ಲಾಸು ಅದನ್ನು ಓವರ್‌ರೈಡ್ ಮಾಡಿ ತನ್ನ ಫೈನಲ್ ಫೀಲ್ಡ್ ಓದುತ್ತದೆ ಎಂದುಕೊಳ್ಳಿ. ಆ ಹೊತ್ತಿಗೆ ಮಗನ ಫೀಲ್ಡು ಇನ್ನೂ ತುಂಬಿರುವುದಿಲ್ಲ. ಲೇಬಲ್ ಮೇಲೆ ನಲ್ ಎಂದೋ ಸೊನ್ನೆ ಎಂದೋ ಅಚ್ಚಾಗುತ್ತದೆ, ಕಂಪೈಲರ್ ಚಕಾರ ಎತ್ತುವುದಿಲ್ಲ. ಬಹುಕಾಲ ಜಾವಾದಲ್ಲಿ ಸೂಪರ್ ಕರೆಯೇ ಮೊದಲ ಸಾಲಾಗಬೇಕಿತ್ತು, ಷರತ್ತು ಪರಿಶೀಲಿಸಿ ಆಮೇಲೆ ಸೂಪರ್ ಕರೆಯಲು ದಾರಿ ಇರಲಿಲ್ಲ. 2025ರ ಸೆಪ್ಟೆಂಬರಿನ ಜಾವಾ 25 ಈ ಕಟ್ಟು ಸಡಿಲಿಸಿದೆ: ಸೂಪರ್‌ಗೆ ಮೊದಲೇ ಇಫ್ ಬರೆಯಬಹುದು, ತನ್ನ ಫೀಲ್ಡುಗಳನ್ನೂ ತುಂಬಬಹುದು. ಆದರೂ ನನ್ನ ಮಟ್ಟಿಗೆ ಇಂಥ ಕಡೆ ಇನ್‌ಹೆರಿಟೆನ್ಸ್ ಬಿಡುವುದೇ ಲೇಸು.

ಕನ್‌ಸ್ಟ್ರಕ್ಟರ್ ಮುಗಿಯುವ ಮೊದಲೇ ‘ದಿಸ್’ ಅನ್ನು ಬೇರೆ ಥ್ರೆಡ್ಡಿಗೆ ಕೊಡುವುದೂ ಇದೇ ಜಾತಿಯ ತಪ್ಪು. ಫೈನಲ್ ಫೀಲ್ಡುಗಳು ಎಲ್ಲ ಥ್ರೆಡ್ಡುಗಳಿಗೂ ಸರಿಯಾಗಿ ಕಾಣುತ್ತವೆ ಎಂದು 2004ರ ಜಾವಾ 5 ಕೊಟ್ಟ ಭರವಸೆ, ಕಟ್ಟಿ ಮುಗಿದ ಆಬ್ಜೆಕ್ಟಿಗೆ ಮಾತ್ರ.

9. ಫೈನಲ್ ಲಿಸ್ಟು ಬೀಗ ಹಾಕಿದ ಲಿಸ್ಟಲ್ಲ

ಚೀಲಗಳ ತೂಕದ ಲಿಸ್ಟನ್ನು ಫೈನಲ್ ಮಾಡಿದರೂ ಒಳಗಿನ ಅಂಕಿ ಬದಲಿಸಬಹುದು. ಕನ್‌ಸ್ಟ್ರಕ್ಟರಿನಲ್ಲೇ ಲಿಸ್ಟ್ ಕಾಪಿಆಫ್ ಮಾಡಿ ಇಟ್ಟುಕೊಳ್ಳಿ, ಜಾವಾ 10ರಿಂದ ಇದೆ.

10. ಭಾಷೆ ಬದಲಾದರೆ ಕಾವಲೂ ಬದಲಾಗುತ್ತದೆ

ಜಾವಾ ಅಭ್ಯಾಸದಿಂದ ಸಿ ಶಾರ್ಪ್‌ಗೆ ಹೋದವರು ಜೋಕೆ. ಅಲ್ಲಿ ಕನ್‌ಸ್ಟ್ರಕ್ಟರಿನೊಳಗೆ ರೀಡ್‌ಓನ್ಲಿ ಫೀಲ್ಡಿಗೆ ಎಷ್ಟು ಸಲ ಬೇಕಾದರೂ ಬರೆಯಬಹುದು. ಒಂದು ಕವಲಿನಲ್ಲಿ ಸಂಖ್ಯೆಯ ಫೀಲ್ಡು ತುಂಬದೆ ಬಿಟ್ಟರೆ ಕ್ಲಾಸಿನಲ್ಲಿ ಅದು ಸದ್ದಿಲ್ಲದೆ ಸೊನ್ನೆಯಾಗಿ ಉಳಿಯುತ್ತದೆ. ನಾಲ್ಕನೇ ಪಾಠದ ಸೊನ್ನೆ ಇಲ್ಲಿ ಯಾರೂ ಬರೆಯದೆಯೇ ಬರುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಕಾನ್ಸ್ಟ್ ಸದಸ್ಯನಿಗೆ ಕನ್‌ಸ್ಟ್ರಕ್ಟರಿನ ಒಡಲಲ್ಲಿ ಬರೆಯುವಂತೆಯೇ ಇಲ್ಲ, ಅದಕ್ಕೂ ಮೊದಲಿನ ಇನಿಶಿಯಲೈಸರ್ ಪಟ್ಟಿಯಲ್ಲೇ ತುಂಬಬೇಕು. ಷರತ್ತಿದ್ದರೆ ಟರ್ನರಿ, ಇಲ್ಲವೇ ಒಂದು ಫಂಕ್ಷನ್, ಇಲ್ಲವೇ 2011ರಿಂದೀಚಿನ ಆವೃತ್ತಿಗಳಲ್ಲಿ ಬರೆದಲ್ಲೇ ಕರೆಯುವ ಲ್ಯಾಂಬ್ಡಾ. ಅಲ್ಲಿ ಸದಸ್ಯರು ತುಂಬುವುದು ಪಟ್ಟಿಯ ಕ್ರಮದಲ್ಲಲ್ಲ, ಕ್ಲಾಸಿನಲ್ಲಿ ಘೋಷಿಸಿದ ಕ್ರಮದಲ್ಲಿ. ಒಂದು ಸದಸ್ಯನ ಷರತ್ತು ಇನ್ನೊಂದನ್ನು ನೋಡುತ್ತಿದ್ದರೆ ಇದು ಮೋಸ ಮಾಡುತ್ತದೆ. ಪೈಥಾನ್ 3.7ರ ಫ್ರೋಜನ್ ಡೇಟಾಕ್ಲಾಸಿನಲ್ಲಿ, ಕಟ್ಟಿದ ಮೇಲೆ ಷರತ್ತಿನಿಂದ ತಿದ್ದಲು ಆಬ್ಜೆಕ್ಟ್ ಕ್ಲಾಸಿನ ಸೆಟ್‌ಆಟರ್ ಅನ್ನು ನೇರ ಕರೆಯುವ ಕಳ್ಳದಾರಿ ಇದೆ. ಕ್ಲಾಸ್‌ಮೆಥಡ್ ಒಂದರಲ್ಲಿ ನಿರ್ಧಾರ ಮುಗಿಸಿ ಆಮೇಲೆ ಆಬ್ಜೆಕ್ಟ್ ಕಟ್ಟುವುದು ಮರ್ಯಾದೆಯ ದಾರಿ.

11. ಎಲ್ಲವನ್ನೂ ಕಲ್ಲು ಮಾಡಬೇಡಿ

ಗುಮಾಸ್ತರು ಟೈಪ್ ಮಾಡುತ್ತಿರುವ ಪರದೆಯ ಹಿಂದಿನ ಆಬ್ಜೆಕ್ಟ್ ಬದಲಾಗಲೇಬೇಕು, ಅದು ಇನ್ನೂ ಕರಡು. ಅರ್ಧ ತುಂಬಿದ ನಮೂನೆಗೆ ಫೈನಲ್ ಹಾಕಿ ಒದ್ದಾಡುವುದು ವ್ಯರ್ಥ. ಉಳಿಸು ಎಂದು ಒತ್ತಿದ ಗಳಿಗೆಯಲ್ಲಿ ಕರಡಿನಿಂದ ಬದಲಾಗದ ಲಾಟನ್ನು ಕಟ್ಟಿ, ಷರತ್ತುಗಳೆಲ್ಲ ಆ ಒಂದು ಜಾಗದಲ್ಲಿ ತೀರ್ಮಾನವಾಗಲಿ. ಜೆಪಿಎ ಥರದ ಡೇಟಾಬೇಸ್ ಸಲಕರಣೆಗಳೂ ಖಾಲಿ ಕನ್‌ಸ್ಟ್ರಕ್ಟರ್ ಬೇಡುತ್ತವೆ. ಅವಕ್ಕೊಂದು ಬೇರೆ ಕ್ಲಾಸ್ ಕೊಟ್ಟು ಕೈತೊಳೆದುಕೊಳ್ಳಿ, ಅವುಗಳ ಸಲುವಾಗಿ ಲಾಟಿನ ಫೈನಲ್ ತೆಗೆಯಬೇಡಿ.

ಹಾವೇರಿ, ರಾಣೆಬೆನ್ನೂರು ಕಡೆಯ ಕಾಲೇಜುಗಳಲ್ಲಿ ಜಾವಾ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ಪ್ರತಿ ಫೀಲ್ಡಿಗೂ ಒಂದೊಂದು ಗೆಟ್ಟರ್, ಸೆಟ್ಟರ್ ಬರೆಸುವ ಲ್ಯಾಬ್ ಪಾಠ ಒಂದು ವಾರ ಬದಿಗಿಡಿ. ಮಕ್ಕಳನ್ನು ಒಂದು ಸೋಮವಾರ ಬ್ಯಾಡಗಿ ಪೇಟೆಗೆ ಕರೆತಂದು ಲಾಟ್ ಬೀಳುವುದರಿಂದ ಪಟ್ಟಿ ಆಗುವವರೆಗೆ ನಿಲ್ಲಿಸಿ ತೋರಿಸಿ, ಆಮೇಲೆ ಒಂದೂ ಸೆಟ್ಟರ್ ಇಲ್ಲದೆ ಅದನ್ನು ಬರೆದು ತರಲು ಹೇಳಿ.